ಒಳಗಿಳಿಯಲು ಒಲ್ಲದ ಮದ್ದು

1879ರಲ್ಲಿ ಜರ್ಮನಿಯ ವೈದ್ಯ ಥಿಯೋಡೋರ್ ಲೇಬರ್ ರೈತನೊಬ್ಬನ ಕಣ್ಣಿನ ಹುಣ್ಣಿನಲ್ಲಿ ಶಿಲೀಂಧ್ರವನ್ನು ಗುರುತಿಸಿದರು. ಓಟ್ಸ್ ಒಕ್ಕುವಾಗ ಹೊಟ್ಟು ಸಿಡಿದು ಕಾರ್ನಿಯಾಕ್ಕೆ ತಗುಲಿತ್ತು. ನಮ್ಮಲ್ಲೂ ಈ ರೋಗ ಹೆಚ್ಚಾಗಿ ಹಿಡಿಯುವುದು ಹೊಲಗದ್ದೆಯಲ್ಲಿ ದುಡಿಯುವವರನ್ನೇ.

ಹನಿ ಹಾಕಿದ ಮಾತ್ರಕ್ಕೆ ಮದ್ದು ಒಳಗಿಳಿಯುವುದಿಲ್ಲ. ಬಹುಪಾಲನ್ನು ಕಣ್ಣೀರೇ ತೊಳೆದುಬಿಡುತ್ತದೆ. ಕಾರ್ನಿಯಾದ ಮೇಲ್ಪದರ ಜಿಡ್ಡಿನಲ್ಲಿ ಕರಗುವ ಅಣುವಿಗೆ ದಾರಿ ಬಿಡುತ್ತದೆ, ಅದರಡಿಯ ದಪ್ಪ ಪದರ ನೀರಿನಲ್ಲಿ ಕರಗುವುದಕ್ಕೆ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ನಟಾಮೈಸಿನ್‌ನ ಅಣು ದೊಡ್ಡದು, ನೀರಿನಲ್ಲಿ ಸರಿಯಾಗಿ ಕರಗದು. ಸೀಸೆ ಕುಲುಕಿಯೇ ಹಾಕಬೇಕು. ಅದು ಆಳಕ್ಕಿಳಿಯಲೆಂದು ವೈದ್ಯರು ಹುಣ್ಣಿನ ಮೇಲ್ಮೈಯನ್ನು ಕೆರೆಯುವುದೂ ಉಂಟು. ಆಮೇಲೆ ಬಂದ ವೊರಿಕೊನಜೋಲ್ ಸಲೀಸಾಗಿ ಒಳಹೋಗುತ್ತದೆ.

ಹಾಗಾದರೆ ಯಾವುದು ಮೇಲು? ಮದುರೆ ಮೂಲದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳಿಗೆ ಎರಡರಲ್ಲೊಂದನ್ನು ಕೊಟ್ಟು ಹೋಲಿಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಗೆದ್ದದ್ದು ಹಳೆಯ ನಟಾಮೈಸಿನ್. ಅದರಲ್ಲೂ ಫ್ಯುಸೇರಿಯಂ ಶಿಲೀಂಧ್ರದ ಸೋಂಕಿನಲ್ಲಿ. ಅದನ್ನು ಪಡೆದವರ ದೃಷ್ಟಿ ಹೆಚ್ಚು ಉಳಿಯಿತು, ಕಾರ್ನಿಯಾ ತೂತುಬಿದ್ದದ್ದು ಕಡಿಮೆ. ಮದ್ದು ಒಳಹೊಕ್ಕರಷ್ಟೇ ಸಾಲದು, ಅಲ್ಲಿರುವ ಶಿಲೀಂಧ್ರಕ್ಕೆ ನಾಟಲೂಬೇಕು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಟಾಮೈಸಿನ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.