ಮಕ್ಕಳ ಬಿಡುವಿನ ವೇಳೆ : ಒಂದು ಚಾರಿತ್ರಿಕ ನೋಟ

ಪಾಠದ ಹೊರಗೆ ಮಕ್ಕಳಿಗೆ ಎಷ್ಟು ಚಟುವಟಿಕೆಗಳಿದ್ದರೆ ಹಿತವೆಂಬ ಪ್ರಶ್ನೆಯು ಇಂದು ಮಂದ್ರೂಪದಂತಹ ಊರುಗಳ ತಾಯಿತಂದೆಗಳನ್ನೂ ಕಾಡುತ್ತಲಿದೆ. ಶಾಲೆ ಬಿಟ್ಟೊಡನೆ ಟ್ಯೂಷನ್, ಅದು ಮುಗಿದೊಡನೆ ಅಬ್ಯಾಕಸ್, ರವಿವಾರ ಕರಾಟೆ ಇಲ್ಲವೆ ನೃತ್ಯ. ಹೀಗೆ ಎಳೆಯರ ದಿನವು ಗಡಿಯಾರಕ್ಕೆ ಕಟ್ಟುಬಿದ್ದಿದೆ. ಉತ್ತರವನ್ನು ಅರಸುವ ಮುನ್ನ, ನಮ್ಮ ಹಿರಿಯರು ಮಕ್ಕಳ ಬಿಡುವನ್ನು ಹೇಗೆ ಕಂಡರೆಂಬುದನ್ನು ನೋಡುವುದು ಯುಕ್ತವಾಗಿದೆ.

ಹಿಂದಿನ ಗಾವಠಿ ಶಾಲೆಗಳಲ್ಲಿ ಅಯ್ಯನವರು ಓದು, ಬರಹ, ಮಗ್ಗಿಗಳನ್ನು ಕಲಿಸುತ್ತಿದ್ದರು. ಆಟಪಾಟವು ಊರಿನ ಹೊಣೆಯಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಜೇಡಿಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ನಾಗರಪಂಚಮಿಗೆ ಜೋಕಾಲಿ, ಭಾದ್ರಪದದಲ್ಲಿ ಜೋಕುಮಾರನ ಹಾಡು, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜಗಳ ಮೆರವಣಿಗೆ. ಇವುಗಳಲ್ಲಿ ಕೈಚಳಕವಿತ್ತು, ಹಾಡಿತ್ತು, ಮೈಗೆ ವ್ಯಾಯಾಮವಿತ್ತು. ಆದರೆ ಎಲ್ಲವೂ ಒಂದೇ ದಿನ ಬರುತ್ತಿರಲಿಲ್ಲ. ಒಂದು ಮುಗಿದ ತರುವಾಯ ಮತ್ತೊಂದು. ಆ ಕಾಲವೆಲ್ಲವೂ ಸುವರ್ಣಯುಗವಾಗಿತ್ತೆಂದಲ್ಲ. ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಹೊಸ್ತಿಲನ್ನೇ ಕಾಣಲಿಲ್ಲ. ಎಷ್ಟೋ ಗಂಡುಮಕ್ಕಳು ದನಗಳ ಹಿಂದೆಯೇ ಬೆಳೆದರು.

ಹೊಸ ಶಿಕ್ಷಣಪದ್ಧತಿ ಬಂದ ಮೇಲೆ ಪುಸ್ತಕದ ಪಾಠವೊಂದೇ ಸಾಲದೆಂಬ ಅರಿವು ಮೂಡಿತು. ೧೮೮೨ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ದೇಶೀ ಆಟಗಳನ್ನೂ ಅಂಗಸಾಧನೆಯನ್ನೂ ಪ್ರೋತ್ಸಾಹಿಸಲು ಸೂಚಿಸಿತು. ೧೯೩೭ರಲ್ಲಿ ವರ್ಧಾದ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬನ್ನೇ ಶಿಕ್ಷಣದ ಕೇಂದ್ರವಾಗಿಸಿದರು. ೧೯೫೨–೫೩ರ ಮುದಲಿಯಾರ್ ಆಯೋಗವು ಸಹಪಠ್ಯ ಚಟುವಟಿಕೆಗಳಿಗೆ ಪ್ರೌಢಶಾಲೆಯಲ್ಲಿ ಮಹತ್ವದ ಸ್ಥಾನವನ್ನಿತ್ತಿತು. ಇವೆಲ್ಲ ಶಾಲೆಯೊಳಗೆ, ಎಲ್ಲ ಮಕ್ಕಳಿಗೂ ದೊರೆಯಲೆಂಬುದು ಉದ್ದೇಶ.

ಆದರೆ ಪಠ್ಯದ ಭಾರವು ಮಾತ್ರ ಏರುತ್ತ ನಡೆಯಿತು. ೧೯೮೯ರಲ್ಲಿ ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣರು ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಚೀಲದ ಭಾರವನ್ನು ಕುರಿತು ಮರುಕದಿಂದ ನುಡಿದರು. ೧೯೯೩ರಲ್ಲಿ ಯಶಪಾಲ್ ಸಮಿತಿಯು ಭಾರವಿಲ್ಲದ ಕಲಿಕೆಯನ್ನು ಪ್ರತಿಪಾದಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ಇಯತ್ತೆಯ ಮಕ್ಕಳಿಗೆ ೧೦ ಚೀಲರಹಿತ ದಿನಗಳನ್ನು ಹೇಳಿತು. ಹೀಗೆ ಆಯೋಗಗಳು ಚೀಲವನ್ನು ಇಳಿಸಲು ಹೇಳುತ್ತಿರಲು, ಮನೆಯವರೇ ಶುಲ್ಕ ತೆತ್ತು ಎರಡನೆಯ ಚೀಲವೊಂದನ್ನು ಹೊರಿಸಬಹುದೆ?

ಗಡಿನಾಡಿನಲ್ಲಿ ಈ ಪ್ರಶ್ನೆಯು ಇನ್ನೂ ಗಹನವಾದುದು. ನಮ್ಮ ಕನ್ನಡ ಶಾಲೆಯ ಮಗುವು ಕನ್ನಡದೊಡನೆ ಮರಾಠಿ, ಇಂಗ್ಲಿಷುಗಳನ್ನೂ ಕಲಿಯಬೇಕು. ಹೊರಗಿನ ತರಗತಿಗಳ ಮಾತು ಬಹುಮಟ್ಟಿಗೆ ಕನ್ನಡವಲ್ಲ. ಸಂಜೆಯೆಲ್ಲ ಅವಕ್ಕೇ ಸಂದರೆ ಅಜ್ಜಿಯ ಒಗಟು, ಗಾದೆ, ಬೀಸುಕಲ್ಲಿನ ಪದಗಳನ್ನು ಕೇಳಲು ವೇಳೆಯೆಲ್ಲಿ? ಮನೆಗನ್ನಡವು ಹಣ ಕೊಟ್ಟು ಕೊಳ್ಳುವ ವಿದ್ಯೆಯಲ್ಲ. ಬಿಡುವಿನಲ್ಲಿ ಬಾಯಿಂದ ಬಾಯಿಗೆ ಬರತಕ್ಕದ್ದು.

ಹಾಗಾದರೆ ಎಷ್ಟು ಹಿತ? ಲೆಕ್ಕ ಹಾಕೋಣ. ೬ರಿಂದ ೧೨ ವರ್ಷದ ಮಕ್ಕಳಿಗೆ ೯ರಿಂದ ೧೨ ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ನಿದ್ರೆಗೆ ೧೦ ತಾಸು, ಶಾಲೆಗೂ ಹೋಗಿಬರುವುದಕ್ಕೂ ೭, ಸ್ನಾನ, ಊಟ, ಮನೆಗೆಲಸಗಳಿಗೆ ೩, ಅಭ್ಯಾಸಕ್ಕೆ ಒಂದೂವರೆ ತಾಸು ಹಿಡಿದರೆ ಉಳಿಯುವುದು ಎರಡೂವರೆ ತಾಸು. ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಒಂದು ತಾಸು ಬಯಲಿನ ಆಟಕ್ಕೆ ಸಂದರೆ, ಹಿರಿಯರೊಡನೆ ಮಾತಿಗೂ ಸುಮ್ಮನೆ ಕೂಡುವುದಕ್ಕೂ ಒಂದೂವರೆ ತಾಸು ಮಾತ್ರ.

ಆದುದರಿಂದ ಮಗುವೇ ಒಲಿದು ಆಯ್ದ ಚಟುವಟಿಕೆ ಒಂದಿರಲಿ, ಹೆಚ್ಚೆಂದರೆ ಎರಡು. ಅವೆರಡೂ ಒಂದೇ ದಿನ ಬರದಿರಲಿ. ವಾರದಲ್ಲಿ ಒಂದು ದಿನವಾದರೂ ಪೂರ್ಣ ಬಿಡುವಿರಲಿ. ನಿದ್ರೆ ಕುಂದಿದರೆ, ಮನೆಯವರು ಕೂಡಿ ಉಣ್ಣುವುದು ತಪ್ಪಿದರೆ, ಅಥವಾ ಶುಲ್ಕಕ್ಕಾಗಿ ಸಾಲ ಮಾಡಬೇಕಾದರೆ, ಒಂದನ್ನು ಬಿಡಿಸುವುದೇ ವಿವೇಕ. ಹಬ್ಬಗಳನ್ನು ಒಂದಾದ ಮೇಲೊಂದರಂತೆ ಹೊಂದಿಸಿದ ಹಿರಿಯರ ಈ ಮಿತವನ್ನು ನಾವೂ ಪಾಲಿಸಿದರೆ, ಮಕ್ಕಳಿಗೆ ಬಾಲ್ಯವೂ ಮನೆಗೆ ಕನ್ನಡವೂ ಉಳಿದಾವು.