ಸಂಜೆ ಹೊತ್ತಿನ ಡಿಸ್ಕ್ ದೀಪ

1996ರಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಬ್ಯಾಂಕ್ ಶಾಖೆಯಲ್ಲಿ ಸಂಜೆ ಲೆಕ್ಕ ಮುಗಿಸುವಾಗ ಕಂಪ್ಯೂಟರ್ ತೆವಳುತ್ತಿತ್ತು. ಡಿಸ್ಕಿನ ದೀಪ ಮಾತ್ರ ಬಿಡದೆ ಮಿಣುಕುತ್ತಿತ್ತು. ಬಿ.ಕಾಂ. ಓದಿದ ನನಗೆ ಕಾರಣ ಹೊಳೆದದ್ದು ಬಹಳ ತಡವಾಗಿ.

1962ರ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದಲ್ಲಿ ಮುಖ್ಯ ಮೆಮೊರಿ ಸುಮಾರು 16 ಸಾವಿರ 'ಪದ'ಗಳಷ್ಟೇ (ಅದು ಆ ಯಂತ್ರದ ಅಳತೆ). ತಿರುಗುವ ಡ್ರಮ್ಮಿನಲ್ಲಿ ಸುಮಾರು 96 ಸಾವಿರ. ಟಾಮ್ ಕಿಲ್ಬರ್ನ್ ತಂಡ 512 ಪದಗಳ ಪುಟಗಳನ್ನು ಮಾಡಿ, ಸದ್ಯಕ್ಕೆ ಬೇಡದ್ದನ್ನು ಡ್ರಮ್ಮಿಗೆ ಕಳಿಸಿ, ಬೇಕಾದಾಗ ತರಿಸಿಕೊಳ್ಳುವ ಏರ್ಪಾಡು ಮಾಡಿತು. ನಮ್ಮ ವಾರ್ಫಿಗೂ ಗೋಡೌನಿಗೂ ನಡುವೆ ಸರಕು ಓಡಾಡಿದ ಹಾಗೆ ಅನ್ನಿ. ಇಂದಿನ ಸ್ವಾಪ್ ಸ್ಪೇಸ್ ಅದರ ಮೊಮ್ಮಗ.

ಒಟ್ಟಿಗೇ ಹೆಚ್ಚು ಕೆಲಸ ಹೇರಿದರೆ ಯಂತ್ರ ಸಾಗಾಟದಲ್ಲೇ ಮುಳುಗಿಹೋಗುತ್ತದೆ. ಈ 'ಥ್ರ್ಯಾಷಿಂಗ್' ಏಕೆಂದು 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದರು.

ಎಲ್ಲ ವರದಿಗಳನ್ನೂ ಒಮ್ಮೆಗೇ ಓಡಿಸುತ್ತಿದ್ದವನು ನಾನು. ಗದರಿಸಿದ್ದು ಮಾತ್ರ ಪಾಪ, ಆಪರೇಟರ್ ಹುಡುಗಿಯನ್ನು.