ಸುತ್ತಲೂ ಹರಳಿನ ಉಂಗುರ

1761ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಮದುವೆಯ ದಿನ ರಾಣಿ ಷಾರ್ಲೆಟ್‌ಗೆ ವಜ್ರದ ಉಂಗುರವೊಂದನ್ನು ಕೊಟ್ಟ. ಮದುವೆಯುಂಗುರಕ್ಕೆ ಕಾವಲಾಗಿ ಅದೇ ಬೆರಳಿಗೆ ತೊಡುವಂಥದ್ದು. ಹರಳು ಕೂರಿಸಿಯೇ ಬದುಕಿದ ನನಗೆ ಈ ಜೋಡಿ ಕಂಡರೆ ಕಳವಳ. ವಜ್ರದ ಅಂಚು ಪಕ್ಕದ ಚಿನ್ನವನ್ನು ಅರದ ಹಾಗೆ ತಿನ್ನುತ್ತದೆ.

ಆ ಕಾಲದಲ್ಲಿ ವಜ್ರಕ್ಕೆ ಹೆಚ್ಚಾಗಿ ಬೆಳ್ಳಿಯ ಕಟ್ಟು, ಮೆತ್ತನೆಯ ಲೋಹ. 20ನೇ ಶತಮಾನದ ಆರಂಭದಲ್ಲಿ ಪ್ಲಾಟಿನಂ ಬಂದ ಮೇಲೆ ತೀರಾ ಸಣ್ಣ ಹಿಡಿಯಲ್ಲೂ ಹರಳು ಭದ್ರವಾಗಿ ನಿಂತಿತು. 1942ರಲ್ಲಿ ಯುದ್ಧದ ಅಗತ್ಯಕ್ಕೆಂದು ಅಮೆರಿಕ ಒಡವೆಗೆ ಪ್ಲಾಟಿನಂ ಬಳಕೆ ತಡೆಯಿತು, ಅದರ ಜಾಗವನ್ನು ಬಿಳಿ ಚಿನ್ನ ತುಂಬಿತು. 1960ರ ದಶಕದಲ್ಲಿ ಸೈಬೀರಿಯದ ಸಣ್ಣ ವಜ್ರಗಳು ವಜ್ರ ವ್ಯಾಪಾರದ ಡಿ ಬೀರ್ಸ್ ಕಂಪನಿಯ ಕೈಸೇರಿದವು. ಮದುವೆಯಾಗಿ ವರ್ಷಗಳಾದ ದಂಪತಿಗಳಿಗೆಂದು ಸುತ್ತಲೂ ಸಣ್ಣ ಹರಳು ಕೂರಿಸಿದ ಉಂಗುರವನ್ನು ಕಂಪನಿ ಜೋರಾಗಿ ಪ್ರಚಾರ ಮಾಡಿತು.

ಅಂಗೈ ಕಡೆಯ ಹರಳುಗಳಿಗೇ ಹೆಚ್ಚು ಅಪಾಯ. ಬಕೆಟ್ಟಿನ ಹಿಡಿ, ಸ್ಕೂಟರಿನ ಹ್ಯಾಂಡಲ್, ಎಲ್ಲದರ ಒತ್ತಡ ಅಲ್ಲೇ. ಉಂಗುರ ಎಳ್ಳಷ್ಟು ಸೊಟ್ಟಗಾದರೂ ಹಿಡಿ ಸಡಿಲ. ಕಿವಿಯ ಬಳಿ ಹಿಡಿದು ಉಗುರಿನಿಂದ ತಟ್ಟಿದರೆ ಸಡಿಲ ಹರಳು ಕಟಕಟ ಎನ್ನುತ್ತದೆ. ಸುತ್ತಲೂ ಹರಳಿದ್ದರೆ ಅಳತೆ ಬದಲಿಸುವುದೂ ಕಷ್ಟ. ಅದಕ್ಕೇ ಕೇಳಿದವರಿಗೆಲ್ಲ ಅಂಗೈ ಕಡೆ ಬರೀ ಲೋಹ ಬಿಡಿಸಿ ಎನ್ನುತ್ತೇನೆ.